ಉಳಿದ ಎರಡು ಸೀಟು

ಮುನಿಲಕ್ಷ್ಮಮ್ಮ ಬದನೆಕಾಯಿಯನ್ನೂ ಸುಲಭವಾಗಿ ನಂಬುವವಳಲ್ಲ. ತಳ್ಳುಗಾಡಿಯವನು ತೂಗಿ ಕೊಟ್ಟ ಮೇಲೂ ಒಂದೊಂದನ್ನೇ ತಿರುಗಿಸಿ ನೋಡಿ, ತೊಟ್ಟಿನ ಬಳಿ ಸಣ್ಣ ತೂತು ಕಂಡರೆ ಮಾತಿಲ್ಲದೆ ವಾಪಸು ಹಾಕುತ್ತಿದ್ದಳು. ಹೊಸಕೋಟೆ ಕಡೆಯ ಹಳ್ಳಿಯಿಂದ ಮದುವೆಯಾಗಿ ಚಾಮರಾಜಪೇಟೆಗೆ ಬಂದಾಗ ಅವಳು ಹೀಗಿರಲಿಲ್ಲ. ಹೀಗೆ ಮಾಡಿದವನು ಗಂಡ ದೊಡ್ಡಬೈರಪ್ಪ.

ದೊಡ್ಡಬೈರಪ್ಪನಿಗೆ ಬಳೇಪೇಟೆಯಲ್ಲಿ ಹಗ್ಗ, ಗೋಣಿಚೀಲ, ಟಾರ್ಪಾಲುಗಳ ಸಗಟು ಅಂಗಡಿ. ಹಗ್ಗದ ವಿಷಯದಲ್ಲಿ ಅವನನ್ನು ಯಾರೂ ಏಮಾರಿಸಲಾರರು. ಅಂಗಡಿಯ ಮೆಟ್ಟಿಲು ಇಳಿದನೋ, ಯಾರು ಬೇಕಾದರೂ ಏಮಾರಿಸಬಹುದಾಗಿತ್ತು. ಅಗ್ಗಕ್ಕೆ ಸಿಗುತ್ತದೆ ಎಂದರೆ ಸಾಕು, ಅವನ ಕಣ್ಣಿಗೆ ಬೇರೇನೂ ಕಾಣುತ್ತಿರಲಿಲ್ಲ. ಒಮ್ಮೆ ಹರಾಜಿನಲ್ಲಿ ತಂದ ಫ್ರಿಜ್ಜು ಯಾವುದೋ ಹೋಟೆಲಿನದು. ಬಾಗಿಲು ತೆಗೆದಾಗಲೆಲ್ಲ ಹಾಲಿಗೂ ಮೀನಿನ ವಾಸನೆ. ಇನ್ನೊಮ್ಮೆ ತಂದ ಸ್ಕೂಟರು ಒಂದೇ ಸ್ಕೂಟರಾಗಿರಲಿಲ್ಲ. ಮುಂದಿನ ಅರ್ಧ ಒಂದು ಗಾಡಿಯದು, ಹಿಂದಿನ ಅರ್ಧ ಕದ್ದ ಇನ್ನೊಂದರದು. ಆ ಹಿಂದಿನ ಅರ್ಧದ ಯಜಮಾನ ಮಕ್ಕಳಕೂಟದ ಸರ್ಕಲ್ಲಿನಲ್ಲಿ ತನ್ನ ಗಾಡಿಯ ಗುರುತು ಹಿಡಿದು ಗಲಾಟೆ ಮಾಡಿದಾಗ, ಪೊಲೀಸ್ ಸ್ಟೇಷನ್ನಿನ ಬೆಂಚಿನ ಮೇಲೆ ಕೂತಿದ್ದ ಗಂಡನನ್ನು ಮನೆಗೆ ಕರೆತಂದವಳು ಮುನಿಲಕ್ಷ್ಮಮ್ಮ. ಅಂದಿನಿಂದ ಮನೆಗೆ ಬರುವ ಯಾವ ವಸ್ತುವೂ ಅವಳ ಕಣ್ಣು ತಪ್ಪಿಸಿ ಹೊಸ್ತಿಲು ದಾಟುವಂತಿರಲಿಲ್ಲ.

ಎರಡು ಸಾವಿರದ ಒಂದನೇ ಇಸವಿಯ ಬೇಸಿಗೆಯಲ್ಲಿ ಒಂದು ದಿನ ಊಟಕ್ಕೆ ಕೂತ ದೊಡ್ಡಬೈರಪ್ಪ, ಮುದ್ದೆ ಮುರಿಯುತ್ತಾ ಯಾರ ಮುಖವನ್ನೂ ನೋಡದೆ ಹೇಳಿದ.

"ಲೇ ಲಕ್ಷ್ಮಿ, ಒಂದು ದೊಡ್ಡ ಗಾಡಿ ತಗೊಂಬಿಡೋಣ. ಡೀಸೆಲ್ಲು. ಎಂಟು ಸೀಟು."

"ಯಾಕೆ?"

"ಯಾಕೆ ಅಂದ್ರೆ? ಮನೆಯೋರೆಲ್ಲ ಒಟ್ಟಿಗೆ ಹೋಗ್ಬೋದು."

"ಎಲ್ಲಿಗೆ?"

ದೊಡ್ಡಬೈರಪ್ಪ ಮುದ್ದೆಗೆ ಸಾರು ಸುರಿದುಕೊಂಡ. ಮಗ ವೇಣುಗೋಪಾಲ್‌ಗೆ ಖುಷಿಯಾಯಿತು. ಸೊಸೆ ಯಶಶ್ರೀ ಮಾರನೆಯ ದಿನವೇ ಶೋರೂಮಿನ ಬಣ್ಣದ ಕಾಗದಗಳನ್ನು ತರಿಸಿ, ಪವರ್ ಸ್ಟೀರಿಂಗು, ಹಿಂದೊಂದು ಮುಂದೊಂದು ಏಸಿ ಎಂದು ಗಟ್ಟಿಯಾಗಿ ಓದಿದಳು. ಮುನಿಲಕ್ಷ್ಮಮ್ಮ ಮಾತ್ರ ಬೇರೆ ಲೆಕ್ಕ ಹಾಕುತ್ತಿದ್ದಳು. ತಾವಿಬ್ಬರು, ಮಗ ಸೊಸೆ, ಎರಡು ಮೊಮ್ಮಕ್ಕಳು, ಆರು ಜನ. ಉಳಿದ ಎರಡು ಸೀಟು ಯಾರಿಗೆ? ಬಳೇಪೇಟೆಯಿಂದ ಮನೆಗೆ ಆಟೋ ಹಿಡಿಯಲೂ ಹಿಂದೆಮುಂದೆ ನೋಡಿ ನಡೆದೇ ಬರುತ್ತಿದ್ದ ಮನುಷ್ಯನಿಗೆ ಇದ್ದಕ್ಕಿದ್ದಂತೆ ಎಂಟು ಸೀಟು ಏಕೆ ಬೇಕು? ಬೀದಿಯ ಕೆಲವು ಮನೆಗಳ ಕಥೆ ಅವಳಿಗೆ ಗೊತ್ತಿತ್ತು. ಐವತ್ತೈದರ ಮೇಲೆ ಗಂಡಸರಿಗೆ ಎರಡನೇ ಸಂಸಾರ ಹುಟ್ಟಿಕೊಂಡದ್ದನ್ನೂ ನೋಡಿದ್ದಳು. ಅಷ್ಟಿರಲಾರದು ಎಂದು ತನಗೆ ತಾನೇ ಹೇಳಿಕೊಂಡಳು. ಆದರೂ ಅವನು ಬಿಚ್ಚಿಟ್ಟ ಷರಟನ್ನು ಒಗೆಯಲು ಹಾಕುವ ಮುನ್ನ ಒಮ್ಮೆ ಮೂಸಿ ನೋಡಿದಳು. ಗೋಣಿನಾರಿನ ವಾಸನೆ ಬಿಟ್ಟು ಬೇರೇನೂ ಇರಲಿಲ್ಲ.

ಬೇಡ ಎಂದರೆ ಕದ್ದು ತರುತ್ತಾನೆ. ಅದಕ್ಕೆ ಅವಳು ಬೇಡ ಎನ್ನಲಿಲ್ಲ. "ನೋಡೋಣ. ಅಂಥ ಗಾಡಿ ಇಟ್ಕೊಂಡಿರೋರನ್ನ ಕೇಳೋಣ," ಎಂದಳು.

ಮೊದಲು ಹೋದದ್ದು ಬಸವನಗುಡಿಯ ಶಿವಲಿಂಗಯ್ಯನವರ ಮನೆಗೆ. ಕಟ್ಟಡದ ಕಂಟ್ರಾಕ್ಟರು, ಅಂಗಡಿಯ ಹಳೆಯ ಗಿರಾಕಿ. ಗೇಟಿನೊಳಗೆ ಗಾಡಿ ಅರ್ಧ ಅಂಗಳ ನುಂಗಿ ನಿಂತಿತ್ತು. ಪಾರಿಜಾತದ ಗಿಡದ ಒಂದು ಪಕ್ಕವನ್ನು ಅದಕ್ಕಾಗಿಯೇ ಕಡಿದಿದ್ದರು. ಶಿವಲಿಂಗಯ್ಯ ಬಾನೆಟ್ಟಿನ ಮೇಲೆ ಕೈಯಿಟ್ಟುಕೊಂಡೇ ಮಾತಾಡಿದರು.

"ನೋಡಿ ಬೈರಪ್ಪನೋರೆ, ಎರಡು ವರ್ಷದಲ್ಲಿ ಒಂದು ದಿನ ಕೈ ಕೊಟ್ಟಿಲ್ಲ. ಎತ್ತರದಲ್ಲಿ ಕೂತ್ರೆ ರೋಡು ಪೂರ್ತಿ ನಮ್ದೇ. ಬಸ್ಸಿನೋನೂ ಜಾಗ ಬಿಡ್ತಾನೆ. ಮೈಲೇಜಂತೂ ಕೇಳ್ಲೇಬೇಡಿ."

ಕೇಳಲೇಬೇಡಿ ಎಂದದ್ದನ್ನು ಮುನಿಲಕ್ಷ್ಮಮ್ಮ ಮನಸ್ಸಿನಲ್ಲಿ ಗುರುತು ಹಾಕಿಕೊಂಡಳು. ಕೊಂಡ ವಸ್ತುವನ್ನು ಬೈದರೆ ಕೊಂಡವನು ದಡ್ಡನಾಗುತ್ತಾನೆ. ಆದ್ದರಿಂದ ಯಜಮಾನನ ಹೊಗಳಿಕೆಗೆ ಬೆಲೆಯಿಲ್ಲ ಎಂಬುದು ಅವಳ ನಂಬಿಕೆ. ನೀರು ಕೇಳುವ ನೆಪದಲ್ಲಿ ಅಡುಗೆಮನೆಗೆ ಹೋಗಿ ಅವರ ಹೆಂಡತಿ ತುಳಸಮ್ಮನ ಪಕ್ಕ ನಿಂತಳು.

"ನೀವೆಲ್ಲಿ ಕೂತ್ಕೋತೀರ ಗಾಡೀಲಿ?"

ತುಳಸಮ್ಮ ಹೊರಗೆ ಒಮ್ಮೆ ಇಣುಕಿ ನೋಡಿ ದನಿ ತಗ್ಗಿಸಿದರು. "ಹಿಂದೆ. ಇನ್ನೆಲ್ಲಿ? ಮುಂದೆ ಅವ್ರು, ಮಧ್ಯೆ ಮಕ್ಕಳು ಅಳಿಯಂದ್ರು. ಹಿಂದಿನ ಸೀಟು ಸರಿಯಾಗಿ ಚಕ್ರದ ಮೇಲೇ ಇದೆ ಕಣ್ರೀ. ಒಂದೊಂದು ರೋಡ್ ಹಂಪ್ಸಿಗೂ ಸೊಂಟ ಕಳಚಿ ಕೈಗೆ ಬರುತ್ತೆ. ನಿಂಬೆಹಣ್ಣು ಮೂಸ್ಕೊಂಡೇ ಹೋಗೋದು, ಮೂಸ್ಕೊಂಡೇ ಬರೋದು. ಮೆಟ್ಟಿಲು ಎಷ್ಟೆತ್ತರ ನೋಡಿದ್ರಾ? ಸೀರೆ ಎತ್ತಿ ಹತ್ತಬೇಕು, ಬೀದಿ ಜನ ಎಲ್ಲ ನೋಡ್ತಿರ್ತಾರೆ."

"ಯಜಮಾನ್ರಿಗೆ ಹೇಳ್ಲಿಲ್ವಾ?"

"ಹೇಳ್ದೆ. ನಿಂಗೆ ಗಾಡಿ ಅಭ್ಯಾಸ ಇಲ್ಲ ಅಂದ್ರು. ಇನ್ನೊಂದು ಕೇಳಿ. ಗಾಡಿ ಬಂದ ಮೇಲೆ ನಮ್ಮ ಭಾನುವಾರ ಅಂತ ಒಂದೂ ಉಳಿದಿಲ್ಲ. ಅವರ ಮನೆ ಗೃಹಪ್ರವೇಶ, ಇವರ ಮನೆ ತಿಥಿ, ಎಲ್ರಿಗೂ ನಮ್ಮ ಗಾಡೀನೇ ಬೇಕು. ಯಾವತ್ತೂ ಮಾತಾಡಿಸದೇ ಇದ್ದೋರು ಫೋನ್ ಮಾಡಿ ಆರೋಗ್ಯ ವಿಚಾರಿಸ್ತಾರೆ."

ಅಲ್ಲಿಂದ ಶೋರೂಮಿಗೆ ಹೋದಾಗ ಮುನಿಲಕ್ಷ್ಮಮ್ಮ ನೇರವಾಗಿ ಹಿಂದಿನ ಸೀಟಿಗೆ ಹತ್ತಿದಳು. ಟೈ ಕಟ್ಟಿದ್ದ ಹುಡುಗ "ಅಮ್ಮಾ, ಮುಂದೆ ಬನ್ನಿ, ವ್ಯೂ ಚೆನ್ನಾಗಿದೆ" ಎಂದು ಎಷ್ಟು ಕರೆದರೂ ಇಳಿಯಲಿಲ್ಲ. ಗಾಡಿ ಓಡಿಸಿ ತೋರಿಸುವಾಗ ಅವನು ನುಣ್ಣನೆಯ ರಸ್ತೆಯಲ್ಲೇ ಸುತ್ತಿಸುತ್ತಿದ್ದಾನೆ ಎಂದು ತಿಳಿದು, ಹಳ್ಳ ಬಿದ್ದ ರಸ್ತೆಗೆ ಹೋಗು ಎಂದಳು. ಅದು ನಮ್ಮ ರೂಟಿನಲ್ಲಿಲ್ಲ ಎಂದ. "ನಮ್ಮ ಮನೆ ರೂಟಿನಲ್ಲಿದೆಯಲ್ಲಪ್ಪ," ಎಂದಳು ಅವಳು. ಗಾಡಿ ನಿಂತ ಮೇಲೆ ಹಿಂದಿನ ಬಾಗಿಲನ್ನು ಒಳಗಿನಿಂದ ತೆಗೆಯಲು ಹೊರಟರೆ ಹಿಡಿಯೇ ಇಲ್ಲ. ಹೊರಗಿನಿಂದ ಯಾರಾದರೂ ತೆಗೆಯಬೇಕು.

"ಏನಾದ್ರೂ ಆದ್ರೆ ಹಿಂದೆ ಕೂತೋರು ಹೆಂಗೆ ಇಳಿಯೋದು?"

"ಏನೂ ಆಗಲ್ಲಮ್ಮ," ಎಂದ ಹುಡುಗ.

ಏನೂ ಆಗಲ್ಲ ಎನ್ನುವವರ ಮೇಲೆ ಅವಳಿಗೆ ಮೊದಲಿನಿಂದಲೂ ಗುಮಾನಿ. ಹೊಸ ಗಾಡಿಯ ಮಾತು ಅಲ್ಲಿಗೆ ನಿಂತಿತು.

ಆದರೆ ದೊಡ್ಡಬೈರಪ್ಪ ಸುಮ್ಮನಾಗಲಿಲ್ಲ. ಮುಂದಿನ ವಾರವೇ ಮಲ್ಲೇಶ್ವರದಲ್ಲಿ ಒಂದು ಗಾಡಿ ಇದೆ ಎಂಬ ಸುದ್ದಿ ತಂದ. ಬೇರೆ ಕಂಪನಿಯದು, ವರ್ಷವೂ ಆಗಿಲ್ಲ, ಓಡಿರುವುದು ಬಹಳ ಕಡಿಮೆ, ಸಿಕ್ಕಾಪಟ್ಟೆ ಅಗ್ಗ. ಆ ಕೊನೆಯ ಮಾತು ಹೇಳುವಾಗ ಅವನ ಮುಖ ಅರಳಿದ್ದನ್ನು ಅವಳು ಗಮನಿಸಿದಳು. ಸ್ಕೂಟರು ತಂದ ದಿನವೂ ಇದೇ ಮುಖ.

ಮಾರುವವನು ಶ್ರೀಹರಿ, ಬ್ಯಾಂಕಿನ ಅಧಿಕಾರಿ. ಹೆಂಡತಿ ಪ್ರಿಯಂವದಾ ಹಿತ್ತಾಳೆ ಲೋಟಗಳಲ್ಲಿ ಕಾಫಿ ತಂದಿಟ್ಟಳು. ಇಬ್ಬರೂ ಮೃದು ಮಾತಿನವರು. ಯಾಕೆ ಮಾರುತ್ತೀರಿ ಎಂದರೆ ಶ್ರೀಹರಿ "ಈಗ ಅಷ್ಟು ದೊಡ್ಡ ಗಾಡಿ ಬೇಕಾಗಿಲ್ಲ" ಎಂದು ಹೆಂಡತಿಯ ಕಡೆ ನೋಡಿದ. ಅವಳು ನೆಲ ನೋಡಿದಳು. ಬೇಕಾಗಿಲ್ಲದಿದ್ದರೆ ಕೊಂಡದ್ದು ಏಕೆ?

ಗಂಡಸರು ಎಂಜಿನ್ನು ನೋಡುತ್ತಿದ್ದಾಗ ಮುನಿಲಕ್ಷ್ಮಮ್ಮ ಒಳಗೆ ಹತ್ತಿ ಬದನೆಕಾಯಿ ತಿರುಗಿಸುವಂತೆ ಗಾಡಿಯನ್ನು ನೋಡಿದಳು. ಹಿಂದಿನ ಬಾಗಿಲಿಗೆ ಒಳಗಡೆಯೂ ಹಿಡಿ ಇತ್ತು; ಅದು ಸರಿ. ಮಧ್ಯದ ಸೀಟು ಮಾತ್ರ ಹೊಚ್ಚ ಹೊಸದು, ಯಾರೂ ಕೂತ ಗುರುತಿಲ್ಲ. ಅದನ್ನು ನೆಲಕ್ಕೆ ಬಿಗಿದ ಬೋಲ್ಟುಗಳ ತಲೆ ಸವೆದಿತ್ತು. ಬಿಚ್ಚಿ, ಹಾಕಿ, ಮತ್ತೆ ಬಿಚ್ಚಿದ್ದಾರೆ. ಮೇಲೆ ಚಾವಣಿಯಲ್ಲಿ ಒಂದು ಕಬ್ಬಿಣದ ಕೊಕ್ಕೆ. ಊದುಬತ್ತಿಯ ಪರಿಮಳದ ಅಡಿಯಲ್ಲಿ ಇನ್ನೊಂದು ವಾಸನೆ. ಆಸ್ಪತ್ರೆಯ ವಾಸನೆ.

"ಈ ಕೊಕ್ಕೆ ಯಾಕೆ ಹಾಕಿಸಿದ್ರಿ?" ಎಂದು ಇಳಿದು ಕೇಳಿದಳು.

"ಬಟ್ಟೆ ನೇತುಹಾಕಕ್ಕೆ," ಎಂದ ಶ್ರೀಹರಿ, ತುಸು ತಡವಾಗಿ.

ದಾರಿಯುದ್ದಕ್ಕೂ ದೊಡ್ಡಬೈರಪ್ಪ ಕುಣಿಯುತ್ತಿದ್ದ. ಅಡ್ವಾನ್ಸ್ ಕೊಟ್ಟೇ ಬರಬೇಕಿತ್ತು ಎಂದ. ಅವಳು ಆ ಕೊಕ್ಕೆಯನ್ನೇ ಯೋಚಿಸುತ್ತಿದ್ದಳು. ಹೆಣ ಸಾಗಿಸಿದ್ದಾರೆಯೇ? ಅಪಘಾತದ ಗಾಡಿಯೇ? ಸೀಟು ಬಿಚ್ಚಿ ಏನು ತುಂಬುತ್ತಿದ್ದರು?

ಮಾರನೆಯ ದಿನ ಬೆಳಿಗ್ಗೆ ಗಂಡ ಅಂಗಡಿಗೆ ಹೋದ ಮೇಲೆ ಗೇಟಿನಲ್ಲಿ ಮುನಿಸ್ವಾಮಿ ನಿಂತಿದ್ದ. ಬಿಳಿ ಷರಟು, ಬಿಳಿ ಪ್ಯಾಂಟು. ವಾರ್ಡಿನಲ್ಲಿ ಪಕ್ಷದ ಕೆಲಸ ಮಾಡಿಕೊಂಡಿರುವವನು.

"ಅಣ್ಣ ಇಲ್ವಾ ಅಕ್ಕ? ಗಾಡಿ ಯಾವಾಗ ಬರುತ್ತೆ ಅಂತ ಕೇಳೋಣ ಅಂತ ಬಂದೆ."

ಅವಳ ಕಿವಿ ನೆಟ್ಟಗಾಯಿತು. ಆದರೆ ಮುಖದಲ್ಲಿ ತೋರಿಸದೆ, "ಬರುತ್ತೆ ಬರುತ್ತೆ. ಯಾಕಪ್ಪ ಅರ್ಜೆಂಟು?" ಎಂದಳು.

"ಕಾರ್ಪೊರೇಷನ್ ಎಲೆಕ್ಷನ್ ಹತ್ರ ಬಂತಲ್ಲಕ್ಕ. ಲೀಡರ್ ಮನೆಗೆ ಆಟೋದಲ್ಲಿ ಹೋದ್ರೆ ಗೇಟಲ್ಲೇ ನಿಲ್ಲಿಸ್ತಾರೆ. ದೊಡ್ಡ ಗಾಡಿ ಇದ್ರೆ ಅಣ್ಣಂಗೆ ಟಿಕೆಟ್ ಅರ್ಧ ಬಂದಂಗೆ. ನಾನೂ ನಮ್ಮ ಹುಡುಗನೂ ಅಣ್ಣನ ಜೊತೇಲೇ ಇರ್ತೀವಿ."

ಉಳಿದ ಎರಡು ಸೀಟು ಯಾರಿಗೆ ಎಂದು ಆಗ ತಿಳಿಯಿತು. ಎರಡನೇ ಸಂಸಾರವಲ್ಲ ಎಂದು ಒಂದು ಕ್ಷಣ ಮನಸ್ಸು ಹಗುರಾದದ್ದು ನಿಜ. ಮರುಕ್ಷಣವೇ ಇದು ಅದಕ್ಕಿಂತ ದೊಡ್ಡ ಸಂಸಾರ ಎನಿಸಿತು.

ಅವಳು ಆ ಮಾತನ್ನು ಯಾರಿಗೂ ಹೇಳದೆ, ಯಶಶ್ರೀಯನ್ನು ಕರೆದುಕೊಂಡು ಬಸ್ಸು ಹತ್ತಿ ಮಲ್ಲೇಶ್ವರಕ್ಕೆ ಹೋದಳು. ಶ್ರೀಹರಿ ಬ್ಯಾಂಕಿಗೆ ಹೋಗಿದ್ದ. ಬಾಗಿಲು ತೆರೆದ ಪ್ರಿಯಂವದಾಳ ಮುಖದಲ್ಲಿ ಗಾಬರಿ ಕಂಡಿತು.

"ಕೂತ್ಕೊಳ್ಳಲ್ಲಮ್ಮ. ಒಂದೇ ಮಾತು ಕೇಳ್ಕೊಂಡು ಹೋಗ್ತೀನಿ," ಎಂದಳು ಮುನಿಲಕ್ಷ್ಮಮ್ಮ. "ಆ ಸೀಟು ಯಾಕೆ ಬಿಚ್ಚಿದ್ರಿ? ಕೊಕ್ಕೆ ಯಾತಕ್ಕೆ? ನನ್ನ ಮೊಮ್ಮಕ್ಕಳನ್ನ ಕೂರಿಸೋ ಗಾಡಿ ಅದು. ಸುಳ್ಳು ಹೇಳ್ಬೇಡಿ."

"ಅತ್ತೆ, ಮೆಲ್ಲಗೆ," ಎಂದು ಯಶಶ್ರೀ ಸೆರಗು ಎಳೆದಳು.

ಪ್ರಿಯಂವದಾ ಬಾಗಿಲನ್ನು ಪೂರ್ತಿ ತೆರೆದಳು. ಆಮೇಲೆ ಇಬ್ಬರನ್ನೂ ಒಳಗೆ ಕರೆದು ಒಂದು ಕೋಣೆ ತೋರಿಸಿದಳು. ಬರಿ ಮಂಚ, ಸುತ್ತಿಟ್ಟ ಹಾಸಿಗೆ, ಕಿಟಕಿಯಲ್ಲಿ ಔಷಧಿ ಬಾಟಲಿಗಳು.

"ನಮ್ಮತ್ತೆ, ಆಂಡಾಳ್ ಅಂತ. ಕೊನೇಲಿ ಏಳಕ್ಕೇ ಆಗ್ತಿರ್ಲಿಲ್ಲ. ಆಸ್ಪತ್ರೆಗೆ ಕರ್ಕೊಂಡು ಹೋಗೋಕೆ ಮಲಗಿಸೋ ಅಂಥ ಗಾಡಿ ಬೇಕಿತ್ತು. ಅದಕ್ಕೇ ತಗೊಂಡ್ವಿ. ಮಧ್ಯದ ಸೀಟು ಬಿಚ್ಚಿ ಹಾಸಿಗೆ ಹಾಕ್ತಿದ್ವಿ. ಕೊಕ್ಕೆ ಗ್ಲೂಕೋಸ್ ಬಾಟಲಿಗೆ." ಅವಳು ಕಿಟಕಿಯ ಬಾಟಲಿಯೊಂದನ್ನು ಸರಿಸಿಟ್ಟಳು. "ಆಸ್ಪತ್ರೆ ನಿಲ್ಲಿಸಿದ ಮೇಲೂ ಸಾಯಂಕಾಲ ಆದ್ರೆ ಗಾಡಿ ತೆಗಿ ಅನ್ನೋರು. ಸಂಪಿಗೆ ರಸ್ತೆ ಒಂದು ಸುತ್ತು ಹಾಕ್ಬೇಕು, ಹೂವಿನೋರ ಮುಂದೆ ಸ್ವಲ್ಪ ನಿಲ್ಲಿಸ್ಬೇಕು. ಮಲಗಿದ ಕಡೆಯಿಂದ್ಲೇ ಮೊಳ ಎಷ್ಟು ಅಂತ ಕೇಳಿ, ಜಾಸ್ತಿ ಆಯ್ತು ಅಂತ ಜಗಳ ಆಡೋರು."

"ಗಾಡೀಲೇ ತೀರ್ಕೊಂಡ್ರಾ?" ಎಂದು ಮುನಿಲಕ್ಷ್ಮಮ್ಮ ಕೇಳಿಯೇ ಬಿಟ್ಟಳು.

"ಇಲ್ಲ. ಈ ಮಂಚದ ಮೇಲೇ. ಆದ್ರೆ ಈ ವಿಷಯ ಹೇಳಿದ ತಕ್ಷಣ ಬಂದೋರು ವಾಪಸ್ ಹೋಗ್ತಾರೆ. ಮೂರು ಜನ ಹೋದ್ರು. ಅದಕ್ಕೇ ಇವ್ರು, ಹೇಳ್ಬೇಡ ಅಂದ್ರು. ತಪ್ಪಾಯ್ತು."

ಮುನಿಲಕ್ಷ್ಮಮ್ಮ ಮಂಚದ ಅಂಚಿನಲ್ಲಿ ಕೂತಳು. ಇಷ್ಟು ದಿನ ಗಾಡಿಗಳನ್ನು ನೋಡಿದ್ದಾಯಿತು; ಎಲ್ಲರೂ ಮೈಲೇಜು ಹೇಳಿದರು, ಏಸಿ ಹೇಳಿದರು. ಗಾಡಿ ಯಾತಕ್ಕೆ ಬೇಕಾಯಿತು ಎಂದು ಹೇಳಿದವಳು ಇವಳೊಬ್ಬಳೇ. ಅದೂ ಹೇಳಿದರೆ ವ್ಯಾಪಾರ ಮುರಿಯುತ್ತದೆಂದು ಗೊತ್ತಿದ್ದೂ ಹೇಳಿದಳು. ಯಶಶ್ರೀ ಕಣ್ಣೊರೆಸಿಕೊಳ್ಳುತ್ತಿದ್ದಳು. "ಒಂದು ಲೋಟ ನೀರು ಕೊಡಮ್ಮ," ಎಂದಳು ಮುನಿಲಕ್ಷ್ಮಮ್ಮ.

ಆ ಸಂಜೆ ಗಂಡನ ಮುಂದೆ ಎರಡೂ ಸುದ್ದಿ ಒಟ್ಟಿಗೇ ಇಟ್ಟಳು. ಮೊದಲು ಮುನಿಸ್ವಾಮಿ ಬಂದದ್ದು. ದೊಡ್ಡಬೈರಪ್ಪ ಅಂಗೈಯಿಂದ ಮುಖ ಉಜ್ಜಿಕೊಂಡ.

"ಮೂವತ್ತು ವರ್ಷ ಹಗ್ಗ ಮಾರಿದೀನಿ ಕಣೇ. ಬಳೇಪೇಟೆ ಬಿಟ್ರೆ ಯಾರಿಗೆ ಗೊತ್ತು ನಾನು? ಒಂದ್ಸಲ ನಿಂತು ನೋಡೋಣ ಅನ್ನಿಸ್ತು. ನಿಂಗೆ ಹೇಳಿದ್ರೆ ಬಿಡ್ತಿರ್ಲಿಲ್ಲ."

"ಬಿಡ್ತಿರ್ಲಿಲ್ಲ," ಎಂದು ಒಪ್ಪಿಕೊಂಡಳು. ಆಮೇಲೆ ಆಂಡಾಳ್ ಅಮ್ಮನ ವಿಷಯ ಹೇಳಿದಳು.

ಅವನು ಕೂತಲ್ಲಿಂದ ಎದ್ದೇಬಿಟ್ಟ. "ಥೂ! ರೋಗಿ ಮಲಗಿದ್ದ ಗಾಡೀಲಿ ಟಿಕೆಟ್ ಕೇಳಕ್ಕೆ ಹೋಗ್ಲಾ? ಬೇಡವೇ ಬೇಡ. ಬೇರೆ ನೋಡೋಣ."

"ಟಿಕೆಟ್ ಕೇಳಕ್ಕೆ ಆಟೋದಲ್ಲೇ ಹೋಗಿ. ಗಾಡಿ ಮಾತ್ರ ಇದೇ. ನನ್ನ ಹೆಸರಿಗೆ."

ಎರಡು ದಿನ ದೊಡ್ಡಬೈರಪ್ಪ ಅಂಗಡಿಯಲ್ಲೇ ಊಟ ತರಿಸಿಕೊಂಡ. ಮೂರನೆಯ ದಿನ ವೇಣುಗೋಪಾಲ್ ಅಮ್ಮನ ಕಡೆ ಸೇರಿದ. ದೊಡ್ಡಬೈರಪ್ಪ ಅಗ್ಗದ ನೆನಪಿನಿಂದಲೋ, ಹೆಂಡತಿಯ ಹಟಕ್ಕೋ, ಕೊನೆಗೆ ಕಾಗದಗಳಿಗೆ ಹೂಂ ಎಂದ. ಗಾಡಿ ತರಲು ಹೋದ ದಿನ ಶ್ರೀಹರಿ ಕೊಕ್ಕೆ ತೆಗೆಸಿಕೊಡುತ್ತೇನೆ ಎಂದ. ಇರಲಿ ಬಿಡಿ ಎಂದಳು ಮುನಿಲಕ್ಷ್ಮಮ್ಮ. ಹಾಗೆಂದವಳು ಮರುದಿನ ಮೆಕ್ಯಾನಿಕ್ಕನ್ನು ಕರೆಸಿ ಬೋಲ್ಟುಗಳನ್ನೆಲ್ಲ ಹೊಸದು ಹಾಕಿಸಿದಳು. ನಂಬಿಕೆ ಬೇರೆ, ಮಕ್ಕಳು ಕೂರುವ ಸೀಟು ಬೇರೆ.

ಮೊದಲ ಸಲ ಹಳ್ಳಿಗೆ ಹೊರಟಾಗ ಅವಳೇ ಹಿಂದೆ ಕೂತಳು. ಹೊಸಕೋಟೆ ದಾಟುವವರೆಗೂ ಪ್ರತಿ ರಸ್ತೆಯುಬ್ಬಿಗೂ ವೇಣುಗೋಪಾಲ್‌ಗೆ ಬೈಗುಳ ಬಿತ್ತು. ವಾಪಸು ಬರುವಾಗ ದೊಡ್ಡಬೈರಪ್ಪನನ್ನು ಹಿಂದಕ್ಕೆ ಕಳಿಸಿ ತಾನು ಮುಂದೆ ಹತ್ತಿದಳು. ಎತ್ತರದಿಂದ ರಸ್ತೆ ನಿಜವಾಗಿಯೂ ಚೆನ್ನಾಗಿ ಕಾಣುತ್ತಿತ್ತು. ಅದನ್ನು ಯಾರಿಗೂ ಹೇಳಲಿಲ್ಲ.

ಟಿಕೆಟ್ಟು ಬೇರೆ ಯಾರಿಗೋ ಸಿಕ್ಕಿತು. ದೊಡ್ಡಬೈರಪ್ಪ ಲೀಡರ್ ಮನೆಗೆ ಎರಡು ಸಲ ಹೋಗಿದ್ದ, ಎರಡು ಸಲವೂ ಆಟೋದಲ್ಲಿ. ಚುನಾವಣೆ ಹತ್ತಿರವಾದಾಗ ಮುನಿಸ್ವಾಮಿ ಮತ್ತೆ ಬಂದ. ಕ್ಯಾಂಡಿಡೇಟಿಗೆ ಪ್ರಚಾರಕ್ಕೆ ಗಾಡಿ ಬೇಕಂತೆ, ಒಂದೇ ವಾರ, ಡೀಸೆಲ್ ಅವರದೇ.

"ಅಣ್ಣನ್ನ ಕರೀರಿ ಅಕ್ಕ."

"ಅಣ್ಣನ್ನ ಯಾಕಪ್ಪ ಕರೀಲಿ? ಗಾಡಿ ನಂದು. ಕೊಡಲ್ಲ."

ಒಳಗೆ ಪೇಪರ್ ಹಿಡಿದು ಕೂತಿದ್ದ ದೊಡ್ಡಬೈರಪ್ಪನಿಗೆ ಎಲ್ಲ ಕೇಳಿಸಿತು. ಏಳುತ್ತಾನೇನೋ ಎಂದು ಅವಳು ಗೇಟಿನಿಂದಲೇ ಓರೆಗಣ್ಣಿನಲ್ಲಿ ನೋಡಿದಳು. ಅವನು ಹಾಳೆ ತಿರುವಿದ. ಮುನಿಸ್ವಾಮಿ ಹೋದ ಮೇಲೆ, "ಸಾಯಂಕಾಲ ಮಕ್ಕಳನ್ನ ಲಾಲ್‌ಬಾಗಿಗೆ ಕರ್ಕೊಂಡು ಹೋಗೋಣ್ವಾ?" ಎಂದ.

"ಯಾಕೆ?" ಎಂದಳು ಮುನಿಲಕ್ಷ್ಮಮ್ಮ, ಅಭ್ಯಾಸಬಲದಿಂದ. ಆಮೇಲೆ ಗಾಡಿಯ ಬೀಗದ ಕೈ ತರಲು ಒಳಗೆ ಹೋದಳು.