ಹಳೇ ಜೀಪುಗಳ ಜಲಜಕ್ಕ

ಬೆಳಿಗ್ಗೆ ಆರೂಕಾಲು. ಕೋಟದ ಅಜಿತ್ ಶೆಟ್ಟರ ಮನೆಯ ಹಿತ್ತಲಲ್ಲಿ ಹದಿನಾಲ್ಕು ವರ್ಷದಿಂದ ನಿಂತೇ ಇರುವ ಜೀಪಿನ ಅಡಿಯಿಂದ ಎರಡು ಪಾದಗಳು ಮಾತ್ರ ಹೊರಗೆ ಕಾಣುತ್ತಿವೆ. ಸೀರೆಯ ಮೇಲೊಂದು ಗಂಡಸರ ಅಂಗಿ ತೊಟ್ಟ ಹೆಂಗಸು ಅಲ್ಲಿ ಅಂಗಾತ ಮಲಗಿ, ಗಾಡಿಯ ಎಲುಬುಗೂಡಾದ ಚಾಸಿಯನ್ನು ಸಣ್ಣ ಸುತ್ತಿಗೆಯಿಂದ ಗೇಣುಗೇಣಿಗೂ ಬಡಿದು ಸದ್ದು ಕೇಳುತ್ತಿದ್ದಾರೆ. ತುಕ್ಕು ತಿಂದ ಕಡೆ ಸದ್ದು ಸಪ್ಪೆ, ಗಟ್ಟಿಯಿರುವ ಕಡೆ ಖಣಖಣ. ಶೆಟ್ಟರು ಲೋಟ ಹಿಡಿದು ಅತ್ತಿಂದಿತ್ತ ನಡೆಯುತ್ತಾರೆ. ಅಪ್ಪ ಓಡಿಸುತ್ತಿದ್ದ ಗಾಡಿ ಅದು.

"ಎಂತ ಜಲಜಕ್ಕ, ಗುಜ್ರಿಗ್ ಹಾಕುದೇ ಸೈಯಾ?"

"ಗುಜ್ರಿಗಾ?" ಜಲಜ ತೆವಳಿಕೊಂಡು ಹೊರಗೆ ಬಂದು ತಲೆಯ ಧೂಳು ಕೊಡವುತ್ತಾರೆ. "ಹ್ವಾಯ್ ಶೆಟ್ರೆ, ಇದ್ರ್ ಎಲುಬ್ ಗಟ್ಟಿ ಇತ್ತ್. ಬಿಚ್ಚುದ್ ಬ್ಯಾಡ. ನಾಕ್ ತಿಂಗ್ಳ್ ಕೊಡಿ, ಓಡುವಾಂಗ್ ಮಾಡ್ತೆ."

ಶೆಟ್ಟರು ಅಷ್ಟು ಹೊತ್ತು ಕೈಯಲ್ಲೇ ಉಳಿದಿದ್ದ ಚಾ ಕುಡಿಯುತ್ತಾರೆ.

ಕಿರಿಮಂಜೇಶ್ವರದಲ್ಲಿ ಹೆದ್ದಾರಿಗೆ ತಾಗಿದ ಒಂದು ತಗಡಿನ ಶೆಡ್ಡು ಜಲಜ ಮೊಗವೀರರದು. ಬೋರ್ಡಿಲ್ಲ. ನಾಲ್ಕೂ ಚಕ್ರಕ್ಕೆ ಬಲ ಸಿಗುವ ಹಳೇ ಜೀಪುಗಳನ್ನು, ಅವುಗಳ ಬಿಡಿಭಾಗಗಳನ್ನು ಕೊಳ್ಳುವುದು, ಮಾರುವುದು ಅವರ ಕಸುಬು. ಇಪ್ಪತ್ತೆರಡು ವರ್ಷದಲ್ಲಿ ಅರವತ್ತೊಂದು ಜೀಪು ಕೈದಾಟಿವೆ. ಅದರಲ್ಲಿ ನಲವತ್ತು ಮತ್ತೆ ರಸ್ತೆಗಿಳಿದಿವೆ, ಉಳಿದವು ಬಿಡಿಬಿಡಿಯಾಗಿ ಬೇರೆ ಗಾಡಿಗಳಲ್ಲಿ ಓಡುತ್ತಿವೆ. ದಿನಕ್ಕೆ ಮೂವತ್ತು ಫೋನು ಖಂಡಿತ. ಬ್ರಹ್ಮಾವರದಲ್ಲಿ ಒಬ್ಬರಿಗೆ ಗೇರ್ ಪೆಟ್ಟಿಗೆ ಬೇಕು, ಕುಂದಾಪುರದ ಮೆಕ್ಯಾನಿಕ್‌ಗೆ ಒಂದೇ ಒಂದು ಹಲ್ಲುಚಕ್ರ ಬೇಕು. ಕಾಗದಪತ್ರವಿಲ್ಲದ, ಚಾಸಿ ನಂಬರು ತಾಳೆಯಾಗದ ಗಾಡಿಯನ್ನು ಅವರು ಮುಟ್ಟುವುದಿಲ್ಲ.

ಶುರುವಾದದ್ದು ಗಂಡ ನಾಗನ ಜೀಪಿನಿಂದ. ತ್ರಾಸಿಯ ಮರಳಿನಿಂದ ಮೀನಿನ ಪೆಟ್ಟಿಗೆಗಳನ್ನು ರಸ್ತೆಗೆ ತರಲೆಂದು ನಾಗ ಮಿಲಿಟರಿಯಿಂದ ಹರಾಜಾದ ಜೀಪೊಂದನ್ನು ತಂದಿದ್ದರು. ಉಪ್ಪುನೀರು ಅದನ್ನು ಐದೇ ವರ್ಷದಲ್ಲಿ ಮುಗಿಸಿತು. ನಾಗ ಮಲ್ಪೆಯ ಬೋಟು ಸೇರಿದರು, ಈಗಲೂ ಅಲ್ಲೇ ಇದ್ದಾರೆ. ಮನೆ ಮುಂದೆ ಕೆಟ್ಟು ನಿಂತ ಜೀಪಿನ ಸ್ಟೇರಿಂಗ್ ಕೇಳಿಕೊಂಡು ಒಬ್ಬರು ಬಂದರು, ವಾರ ಬಿಟ್ಟು ಗೇರ್ ಪೆಟ್ಟಿಗೆಗೆ ಇನ್ನೊಬ್ಬರು. ಜಲಜ ಆಗ ತಲೆಯ ಮೇಲೆ ಬುಟ್ಟಿ ಹೊತ್ತು ಮನೆಮನೆಗೆ ಮೀನು ಮಾರುತ್ತಿದ್ದವರು.

"ಯಾರ್ ಮನಿ ಹಿತ್ಲಂಗೆ ಹಳೀ ಜೀಪ್ ಕೂಕಂಡಿತ್ತ್ ಅಂದೇಳಿ ನಂಗೊಬ್ಬಳಿಗೇ ಗೊತ್ತಿದ್ದದ್" ಎಂದು ನಗುತ್ತಾರೆ. "ಬಂಗ್ಡಿ ಮೀನ್ ಕೊಟ್ಟ್ ಬಪ್ಪತಿಗೆ ಕೇಂಡ್ಕಂಡ್ ಬತ್ತಿದ್ದೆ, ಅಮಾ, ಆ ಗಾಡಿ ಕೊಡ್ತ್ರ್ಯಾ ಅಂದೇಳಿ."

ಮೊದಲ ಮೂರು ವರ್ಷ ಮೆಕ್ಯಾನಿಕ್‌ಗಳು ನಕ್ಕದ್ದೇ ಹೆಚ್ಚು. ಒಬ್ಬರಂತೂ ಕೆಟ್ಟ ಸಾಮಾನನ್ನು ಒಳ್ಳೆಯದೆಂದು ಗಂಟು ಹಾಕಿ ಕಳುಹಿಸಿದ್ದರು. ಆಮೇಲೆ ಜಲಜ ಪ್ರತಿ ಭಾಗವನ್ನೂ ತಾವೇ ಬಿಚ್ಚಿ, ತೊಳೆದು, ಜೋಡಿಸಿ ಕಲಿತರು. ಜೀಪು ಓಡಿಸುವುದನ್ನೂ ತ್ರಾಸಿಯ ಮರಳಿನಲ್ಲೇ ಕಲಿತರು. ಈಗ ಐವತ್ನಾಲ್ಕು ವಯಸ್ಸು. ಮಂಡಿ ನೋಯುತ್ತದೆ, ಎಡಗೈಯ ಎರಡು ಬೆರಳು ಪೂರ್ತಿ ಮಡಚುವುದಿಲ್ಲ.

ಅಷ್ಟು ವರ್ಷದ ಹೆಸರು ಒಂದೇ ಬೆಳಿಗ್ಗೆ ಹೋಗಿಬಿಡುವ ಹಾಗಾದದ್ದು ಕಳೆದ ನವೆಂಬರಿನಲ್ಲಿ. ಕೊಲ್ಲೂರಿನಿಂದ ಕೊಡಚಾದ್ರಿಗೆ ಪ್ರವಾಸಿಗರನ್ನು ಹತ್ತಿಸುವ ಮಂಜಯ್ಯ ಎಂಬ ಹಿರಿಯ ಚಾಲಕರಿಗೆ ಜಲಜ ಒಂದು ಎಕ್ಸೆಲ್ ಕೊಟ್ಟಿದ್ದರು. ಎಕ್ಸೆಲ್ ಎಂದರೆ ಹಿಂದಿನ ಚಕ್ರವನ್ನು ತಿರುಗಿಸುವ ಕಬ್ಬಿಣದ ದಂಡ. ಅದನ್ನು ಬಿಚ್ಚಿ ತೆಗೆದ ಹಳೇ ಗಾಡಿಯದೇ ಇನ್ನೊಂದು ದಂಡ, ಅದರ ಜೋಡಿ, ಶೆಡ್ಡಿನಲ್ಲೇ ಉಳಿದಿತ್ತು. ನಾಲ್ಕನೇ ದಿನ ಬೆಳಿಗ್ಗೆ ಅದನ್ನು ತೊಳೆಯುವಾಗ ತುದಿಯಲ್ಲಿ ಕೂದಲೆಳೆಯಷ್ಟು ತೆಳ್ಳಗಿನ ಬಿರುಕು ಕಂಡಿತು. ಒಂದೇ ಗಾಡಿಯ ಎರಡು ದಂಡ, ಒಂದೇ ಭಾರ ಹೊತ್ತದ್ದು. ಇದು ಬಿರಿದಿದ್ದರೆ ಅದು? ಕೊಡಚಾದ್ರಿಯ ಏರಿನಲ್ಲಿ ತುಂಡಾದರೆ ಚಕ್ರವೇ ಕಳಚಿಕೊಳ್ಳಬಹುದು.

ಮಂಜಯ್ಯನವರಿಗೆ ಫೋನು ಹೋಗಲಿಲ್ಲ. ಬೆಟ್ಟದಲ್ಲಿ ನೆಟ್‌ವರ್ಕ್ ಇಲ್ಲ. ಜಲಜ ಗಂಜಿ ಉಣ್ಣದೆ, ಶೆಡ್ಡಿಗೆ ಬೀಗವನ್ನೂ ಹಾಕದೆ ತಮ್ಮ ಜೀಪು ಹತ್ತಿದರು. ಬೈಂದೂರು ದಾಟಿ ಕೊಲ್ಲೂರಿನ ಜೀಪು ಸ್ಟ್ಯಾಂಡು ಮುಟ್ಟಿದಾಗ ಎಂಟೂವರೆ.

"ಮಂಜಯ್ಯಣ್ಣ ಆಗ್ಳೇ ಗುಡ್ಡಿ ಹತ್ತಿ ಹೋದ್ರಲೆ, ಗಾಡಿಯಂಗೆ ಎಂಟ್ ಜನ ಇದ್ದೋ" ಎಂದ ಇನ್ನೊಬ್ಬ ಚಾಲಕ ರೋಹನ್. ಜಲಜ ವಿಷಯ ಹೇಳಿದರು. ಹಿಂದೆಯೇ ಹೊರಟರೂ ಮಂಜಯ್ಯ ಅಷ್ಟರೊಳಗೆ ಕಡಿದಾದ ಏರು ದಾಟಿರುತ್ತಾರೆ. ಆದರೂ ಮೇಲೇ ತಡೆದು ನಿಲ್ಲಿಸುತ್ತೇನೆಂದು ಅವನು ಖಾಲಿ ಜೀಪು ತೆಗೆದುಕೊಂಡು ಹೋದ. ಜಲಜ ಅಲ್ಲೇ ನಿಂತರು. ಕೆಳಗೆ ಬರುವ ಒಂದೊಂದು ಜೀಪನ್ನೂ ತಡೆದು ಕೇಳಿದರು.

ಸ್ಟ್ಯಾಂಡಿನಲ್ಲಿದ್ದ ಒಬ್ಬರು ಸಮಾಧಾನ ಹೇಳಿದರು: "ಹಳಿ ಸಾಮಾನ್, ಗ್ಯಾರಂಟಿ ಇಲ್ಲೆ ಅಂದೇಳಿ ನೀವ್ ಹೇಳಿಯೇ ಕೊಟ್ಟದ್ ಅಲ್ದಾ? ನಿಮ್ ತಪ್ಪ್ ಎಂತ ಇತ್ತ್?"

"ಮಂಜಯ್ಯಣ್ಣಂಗ್ ಹೇಳಿದ್ದೆ ಮಾರ್ರೆ" ಎಂದರು ಜಲಜ. "ಗಾಡಿಯಂಗೆ ಕೂಕಂಡ್ ಹೋದೋರಿಗೆ ಹೇಳಿದ್ನಾ?"

ಹನ್ನೆರಡಕ್ಕೆ ಹತ್ತು ನಿಮಿಷವಿರುವಾಗ ರೋಹನ್‌ನ ಜೀಪು ಬಂತು. ಅದರಲ್ಲಿ ಎಂಟೂ ಜನ ಕೂತಿದ್ದರು. ಅದರ ಬೆನ್ನಿಗೆ ಮಂಜಯ್ಯ, ಖಾಲಿ ಗಾಡಿಯನ್ನು ಆಮೆಯ ಹಾಗೆ ಇಳಿಸಿಕೊಂಡು. ಜಲಜ ಚಾಲಕನ ಮುಖ ನೋಡಲಿಲ್ಲ, ಹಿಂದಿನ ಚಕ್ರ ನೋಡಿದರು. ಅದು ನೆಟ್ಟಗೆ ತಿರುಗುತ್ತಿತ್ತು. ಅವರು ರಸ್ತೆಯ ಬದಿಯಲ್ಲೇ ಕುಕ್ಕರಿಸಿ ಅತ್ತುಬಿಟ್ಟರು.

"ಎಂತ ಜಲಜಕ್ಕ, ಮರ್ಕಂಬುದ್ ಎಂತಕೆ? ಎಲ್ಲಾ ಸಮ ಇತ್ತಲೆ!" ಎಂದು ಮಂಜಯ್ಯನವರೇ ಎಬ್ಬಿಸಿದರು.

ಅಷ್ಟಕ್ಕೇ ಬಿಡುವವರಲ್ಲ ಜಲಜ. ಒಂದು ಗಂಟೆ ಹಿಡಿಯಿತು, ಇಬ್ಬರೂ ಸೇರಿ ದಂಡ ಹೊರಗೆಳೆದರು. ಜಲಜ ಅದಕ್ಕೆ ಸೀಮೆಎಣ್ಣೆ ಹಚ್ಚಿ, ಒಣಬಟ್ಟೆಯಲ್ಲಿ ಒರೆಸಿ, ಸ್ಟ್ಯಾಂಡಿನಲ್ಲಿ ಜೀಪುಗಳ ಸರದಿ ಬರೆಯುವ ಹಲಗೆಯ ಸೀಮೆಸುಣ್ಣವನ್ನು ಪುಡಿ ಮಾಡಿ ಉದುರಿಸಿದರು. ಬಿರುಕಿದ್ದರೆ ಒಳಗೆ ಸೇರಿದ ಎಣ್ಣೆ ಹೊರಬಂದು ಬಿಳಿಯ ಮೇಲೆ ಕಪ್ಪು ಗೆರೆ ಮೂಡುತ್ತದೆ. ಹತ್ತು ಜನ ಚಾಲಕರು ಸುತ್ತ ನಿಂತರು. ಐದು ನಿಮಿಷ, ಹತ್ತು ನಿಮಿಷ. ಗೆರೆ ಮೂಡಲಿಲ್ಲ.

"ಅವತ್ತ್ ಎರಡ್ ತಟ್ಟಿ ಇಡ್ಲಿ ತಿಂದೆ ಕಾಣಿ" ಎನ್ನುತ್ತಾರೆ ಜಲಜ, ಇಡ್ಲಿಯ ಲೆಕ್ಕವೇ ಆ ದಿನದ ಮುಖ್ಯ ಸಂಗತಿಯೆಂಬಂತೆ.

ಶೆಡ್ಡಿಗೆ ಮರಳಿದ ಜಲಜ ಮೊದಲು ಬಿರುಕಿನ ದಂಡವನ್ನು ಕೊಯ್ದು ಎರಡು ತುಂಡು ಮಾಡಿದರು, ಯಾರ ಕೈಗೂ ಸಾಮಾನಾಗಿ ಹೋಗಬಾರದೆಂದು. ಅಂದಿನಿಂದ ಸುಣ್ಣದ ಪರೀಕ್ಷೆಯಾಗದ ಎಕ್ಸೆಲ್ ಶೆಡ್ಡಿನ ಬಾಗಿಲು ದಾಟುವುದಿಲ್ಲ. ಸುದ್ದಿ ಹೇಗೋ ಹಬ್ಬಿ ಗಿರಾಕಿಗಳು ಹೆಚ್ಚಿದ್ದಾರೆ. ಬೇರೆ ಕಡೆ ಕೊಂಡ ಸಾಮಾನನ್ನೂ ತಂದು "ಒಂಚೂರ್ ಕಂಡ್ ಕೊಡಿ ಅಕ್ಕ" ಎನ್ನುವವರಿದ್ದಾರೆ.

ನಿಮಗೇನು ಆಸೆ ಎಂದು ಕೇಳಿದರೆ ಜಲಜ ತುಸು ನಾಚುತ್ತಾರೆ. ಆ ಬೆಟ್ಟದ ಗಾಡಿಗಳಿಗೆ ಇಷ್ಟು ವರ್ಷ ಸಾಮಾನು ಕೊಟ್ಟರೂ ಅವರು ಕೊಡಚಾದ್ರಿಯ ತುದಿ ಕಂಡವರಲ್ಲ.

"ಒಂದ್ ಸಲ ಹಿಂದಿನ್ ಸೀಟಂಗೆ ಕೂಕಂಡ್ ಹೋಯ್ಕ್. ಇಂಜಿನ್ ಕಡಿಗ್ ಕಿವಿ ಕೊಡೂಕಾಗ, ಮರ ಗುಡ್ಡಿ ಕಂಡ್ಕಂಡ್ ಹೋಯ್ಕ್" ಎಂದವರು ತಾವೇ ನಗುತ್ತಾರೆ. "ಆರೆ ಅದ್ ನನ್ನತ್ರ ಆತ್ತಿಲ್ಲೆ. ಈ ಕಿವಿ ಸುಮ್ನೆ ಕೂಕಂತಿಲ್ಲೆ."