ಗೊಂಜಾಳದ ಬೆಂಡು ಮತ್ತು ನನ್ನ ಮುಖ

ನಾಚಿಕೆಯಾದಾಗ ನನ್ನ ಮುಖ ಕೆಂಪಾಗುವುದಿಲ್ಲ. ಬೆಟಗೇರಿಯ ಬಿಸಿಲಲ್ಲಿ ವರ್ಷಗಟ್ಟಲೆ ಬೆಂದ ಬಣ್ಣ, ಇನ್ನೊಂದು ಬಣ್ಣಕ್ಕೆ ಅಷ್ಟು ಸುಲಭಕ್ಕೆ ಜಾಗ ಬಿಡುವುದಿಲ್ಲ. ಹೀಗಾಗಿ ನಾನೆಷ್ಟು ನಾಚಿದ್ದೇನೆಂಬುದು ನಾನೇ ಬಾಯಿ ಬಿಟ್ಟು ಹೇಳುವ ತನಕ ಯಾರಿಗೂ ತಿಳಿಯುವುದಿಲ್ಲ. ಅದಕ್ಕೇ ಹೇಳುತ್ತಿದ್ದೇನೆ.

ನಾನು ಮುಖ ಉಜ್ಜುವ ಪುಡಿ ಮಾಡುವವಳು. ಅಂಗಡಿಯಿಂದ ತಂದ ಫೇಸ್‌ವಾಶ್‌ನಲ್ಲಿ ಸಾಸಿವೆಗಿಂತ ಸಣ್ಣ ಹರಳುಗಳು ಕೈಗೆ ತಾಗುತ್ತವಲ್ಲ, ಅವುಗಳಲ್ಲಿ ಪ್ಲಾಸ್ಟಿಕ್ಕಿನವೂ ಇರುತ್ತವೆ ಎಂದು ತಿಳಿದ ದಿನವೇ ಆ ಟ್ಯೂಬು ಮೂಲೆ ಸೇರಿತು. ಮುಖದಿಂದ ಬಚ್ಚಲಿಗೆ, ಬಚ್ಚಲಿನಿಂದ ಗಟಾರಕ್ಕೆ, ಗಟಾರದಿಂದ ಹಳ್ಳಕ್ಕೆ, ಕೊನೆಗೆ ಹೊಳೆಗೆ. ನಮ್ಮ ನಳಕ್ಕೆ ಬರುವುದು ತುಂಗಭದ್ರೆಯ ನೀರು, ಅದು ಬಂದ ದಿನವೇ ನಮಗೆ ಹಬ್ಬ. ಅಷ್ಟು ಕಾದು ಹಿಡಿದ ನೀರಿನಲ್ಲಿ ಮೇಲಿನ ಊರಿನ ಯಾರದೋ ಮುಖದ ಪ್ಲಾಸ್ಟಿಕ್ ತೇಲಬಾರದೆಂದು ಹಟ ಹುಟ್ಟಿತು. ಹರಳಿನ ಬದಲು ಗೊಂಜಾಳದ ಬೆಂಡು ಹಿಡಿದೆ. ಗೊಂಜಾಳವೆಂದರೆ ಮೆಕ್ಕೆಜೋಳ, ಬೆಂಡೆಂದರೆ ತೆನೆಯಿಂದ ಕಾಳು ಬಿಡಿಸಿದ ಮೇಲೆ ಉಳಿಯುವ ದಿಂಡು.

ಬೆಂಡು ನೋಡಲು ಸಾಧು, ಸ್ವಭಾವದಲ್ಲಿ ಬಲು ಹಟಮಾರಿ. ಒಳಗಿನ ಮೆತ್ತನೆಯ ತಿರುಳು ನೀರು ಕುಡಿದು ಉಬ್ಬುತ್ತದೆ, ಹೊರಗಿನ ಹೊಟ್ಟು ಗಾಳಿಗೆ ಹಾರುತ್ತದೆ. ಇವೆರಡರ ನಡುವೆ ಕಟ್ಟಿಗೆಯಂಥ ಗಟ್ಟಿ ಬಳೆ ಇರುತ್ತದೆ. ನನಗೆ ಬೇಕಾದದ್ದು ಅಷ್ಟೇ. ಅದನ್ನು ಒಣಗಿಸಿ, ಜಜ್ಜಿ, ಬೀಸಿ, ಜರಡಿ ಹಿಡಿದು, ಉಳಿದದ್ದನ್ನು ಮತ್ತೆ ಬೀಸಬೇಕು. ದಪ್ಪವಾದರೆ ಮುಖ ಗೀರುತ್ತದೆ, ತೀರ ನುಣ್ಣಗಾದರೆ ರೊಟ್ಟಿಯ ಹಿಟ್ಟು ಮೆತ್ತಿಕೊಂಡಂತಾಗುತ್ತದೆ. ಮೊದಮೊದಲು ಪರೀಕ್ಷೆಯೆಲ್ಲ ನಮ್ಮ ಯಜಮಾನರ ಕೆನ್ನೆಯ ಮೇಲೆಯೇ ನಡೆಯಿತು. "ಇದು ಮುಖಕ್ಕ ಹಚ್ಚೂದೋ, ಭಾಂಡೆ ತಿಕ್ಕೂದೋ?" ಎಂದು ಅವರು ಕೇಳಿದ್ದುಂಟು. ಆ ಕೆನ್ನೆಯ ತ್ಯಾಗದಿಂದಲೇ ಪುಡಿ ಹದಕ್ಕೆ ಬಂತು.

ಇಷ್ಟು ಬೆಂಡು ಎಲ್ಲಿಂದ ಬರಬೇಕು? ತವರಿನಿಂದ. ನನ್ನ ತವರು ಹಿರೇವಡ್ಡಟ್ಟಿ. ಅಲ್ಲಿ ಅಣ್ಣ ಗೊಂಜಾಳ ಬೆಳೆಯುತ್ತಾನೆ, ಮನೆಯ ಯಜಮಾನಿಕೆ ಅವನ ಹೆಂಡತಿಯದು, ಅಂದರೆ ನಮ್ಮ ವೈನಿಯದು. ನಮ್ಮ ಕಡೆ ಮನೆಮಗಳು ತವರಿನಿಂದ ಬರಿಗೈಯಲ್ಲಿ ಹೊರಡುವಂತಿಲ್ಲ, ಉಡಿ ತುಂಬಿಸಿಕೊಂಡೇ ಹೊಸ್ತಿಲು ದಾಟಬೇಕು. ಅವಳು ಬಾಯಿಬಿಟ್ಟು ಕೇಳಿದ್ದನ್ನಂತೂ ಇಲ್ಲ ಅನ್ನುವ ಮಾತೇ ಇಲ್ಲ. ಸೀರೆ, ಬಂಗಾರ ಕೇಳುವ ಹೆಣ್ಣುಮಕ್ಕಳ ನಡುವೆ ನಾನೊಬ್ಬಳು ಕಸ ಕೇಳುವವಳು ಎಂದು ನನಗೆ ಒಳಗೊಳಗೇ ಹೆಮ್ಮೆ.

"ವೈನಿ, ಉಡಿಗೆ ಏನೂ ಬ್ಯಾಡ್ರಿ. ಹಿತ್ತಲದಾಗ ಬಿದ್ದ ಆ ಕಸಾ ಕೊಡ್ರಿ, ಸಾಕು" ಅಂದೆ.

ವೈನಿ ಬೆಂಡಿನ ರಾಶಿಯ ಕಡೆ ಒಮ್ಮೆ ನೋಡಿದರು. ಆಮೇಲೆ, "ಒಯ್ಯಿ ತಂಗಿ, ನಿನಗಿಂತ ಹೆಚ್ಚಿಂದೇನೈತಿ" ಅಂದರು. ನಾನು ರಾಶಿ ನೋಡುತ್ತಿದ್ದೆ, ಅವರ ಮುಖ ನೋಡಲಿಲ್ಲ. ಮುಖದ ವ್ಯಾಪಾರ ಮಾಡುವವಳು ನಾನು! ಹಿತ್ತಲು ಬಳಿದಂತೆ ಟೆಂಪೋ ತುಂಬಿಸಿಕೊಂಡು ಹೊರಟೆ.

ಮೊನ್ನೆ ಚಳಿಯಲ್ಲಿ ಮತ್ತೆ ಹೋಗಿದ್ದೆ. ಓಣಿಯವರಿಗೆಲ್ಲ ತೋರಿಸಿ ಹೊಗಳಿಸಿಕೊಳ್ಳಲು ಚೀಲದ ತುಂಬ ಪುಡಿಯ ಪೊಟ್ಟಣಗಳು. ಕಾಗದದ ಪೊಟ್ಟಣಗಳೇ, ನನ್ನ ಕಟ್ಟುನಿಟ್ಟು ಅಂಥದ್ದು. ಬೆಳಿಗ್ಗೆ ಏಳುವಷ್ಟರಲ್ಲಿ ಬಚ್ಚಲ ಕಡೆಯಿಂದ ಉಸಿರು ಕಟ್ಟಿಸುವ ನಾತ. ಹೋಗಿ ನೋಡಿದರೆ ವೈನಿ ಹಂಡೆಯ ಒಲೆಯ ಮುಂದೆ ಕುಕ್ಕುರುಗಾಲಲ್ಲಿ ಕೂತು ಕೆಮ್ಮುತ್ತಿದ್ದಾರೆ. ಕಣ್ಣಲ್ಲಿ ನೀರು. ಒಲೆಯಲ್ಲಿ ಗೊಬ್ಬರದ ಹರಕು ಚೀಲ, ಒಡೆದ ಪ್ಲಾಸ್ಟಿಕ್ ಕೊಡದ ಚೂರು, ಹಳೆಯದೊಂದು ಚಪ್ಪಲಿ.

"ಇದನ್ಯಾಕ ಸುಡಾಕತ್ತೀರಿ ವೈನಿ?"

"ಮತ್ತೇನ್ ಸುಡ್ಲಿ? ಪ್ರತಿ ವರ್ಷಾ ಥಂಡಿ ದಿನಕ್ಕ ಬೆಂಡ ಇರ್ತಿದ್ವು. ಈ ಸಲ ನಿನಗ ಬೇಕಾದ್ವು. ಹತ್ತಿಕಟಗಿನೂ ಮುಗದ್ವು. ನೀ ಒಳಗ ಕುಂಡ್ರು ತಂಗಿ, ಹೊಗಿ ಬಡೀತೈತಿ. ನಿನ್ನ ಸಲುವಾಗೇ ನೀರ ಕಾಸಾಕತ್ತೇನಿ."

ಆ ಮಾತಿನಲ್ಲಿ ಒಂದಿಷ್ಟಾದರೂ ಕೊಂಕು ಇದ್ದಿದ್ದರೆ ಬದುಕಿಕೊಳ್ಳುತ್ತಿದ್ದೆ. ಇರಲಿಲ್ಲ. ನಾನು ನಾಚಿದ್ದು ಆಗ. ಹೊಳೆಗೆ ಬೀಳಬಾರದ ಪ್ಲಾಸ್ಟಿಕ್ಕನ್ನು ನಾನು ವೈನಿಯ ಎದೆಗೆ ಇಳಿಸಿದ್ದೆ. ನಮ್ಮ ಸೀಮೆಯಲ್ಲಿ ಜೋಳದ ಕಣಿಕೆ ದನಕ್ಕೆ, ತೊಗರಿಕಟ್ಟಿಗೆ ಬೇಲಿಗೆ, ಬೆಂಡು ಒಲೆಗೆ. ಇದೆಲ್ಲ ನೋಡಿಕೊಂಡೇ ಬೆಳೆದವಳು, ಊರು ಬಿಟ್ಟು ಬೆಟಗೇರಿಗೆ ಬಂದದ್ದೇ ತಡ, ಅದನ್ನು ಕಸ ಅನ್ನಲು ಕಲಿತಿದ್ದೆ.

ಅಲ್ಲಿದ್ದ ಕೋಲಿನಿಂದ ಆ ಚೀಲ, ಚಪ್ಪಲಿ ಎಲ್ಲವನ್ನೂ ಹೊರಗೆಳೆದೆ. ಒಲೆ ಆರುತ್ತ ಬಂತು, ನೀರಿನ್ನೂ ಬೆಚ್ಚಗಾಗಿರಲಿಲ್ಲ. ಏನು ಮಾಡುವುದೆಂದು ತೋಚದೆ ಒಳಗೆ ಓಡಿ ನನ್ನ ಪೊಟ್ಟಣಗಳನ್ನು ತಂದೆ. ಒಡೆದು, ಹಿಡಿ ಹಿಡಿಯಾಗಿ ಎರಚಿದೆ. ಪುಡಿ ಭಗ್ಗೆಂದು ಹೊತ್ತಿಕೊಂಡಿತು, ಹಿಂದೆಯೇ ಕಾಗದವೂ ಹೊತ್ತಿತು. ವೈನಿ ಗಲ್ಲಕ್ಕೆ ಕೈ ಹಚ್ಚಿ ನೋಡುತ್ತ ಕೂತರು.

"ನಮ್ಮ ಬೆಂಡಿಂದಽ ಏನಿದು?"

"ಹೌದ್ರಿ."

"ಅಯ್ಯ ತಂಗಿ, ಒಲಿಗೆ ಹಾಕಾಕ ಇಷ್ಟ್ ಸಣ್ಣ ಯಾಕ ಬೀಸಿದಿ? ಹಂಗಽ ಹಾಕಿದ್ರೂ ಉರೀತಿದ್ವಲ್ಲ!"

ಕೊನೆಯ ಹಿಡಿಯನ್ನೂ ಎರಚಿದೆ. ನೀರು ಹೇಗೋ ಬೆಚ್ಚಗಾಯಿತು. ಬಚ್ಚಲಲ್ಲಿ ಕೂತಾಗ ನೋಡಿಕೊಂಡೆ: ಕೈಗೆ, ಮುಖಕ್ಕೆಲ್ಲ ಮಸಿ. ಉಜ್ಜಲು ಪುಡಿ ಒಂದು ಚಿಟಿಕೆಯೂ ಉಳಿದಿರಲಿಲ್ಲ. ಒಂದಿಷ್ಟು ಕಡಲೆ ಹಿಟ್ಟು ಕೊಡ್ರಿ ಎಂದು ವೈನಿಯನ್ನು ಕೂಗಲು ಬಾಯಿ ತೆರೆದೆ. ಮನೆಮಗಳು ಕೇಳಿದರೆ ಅವರು ಇಲ್ಲ ಅನ್ನುವುದಿಲ್ಲವೆಂದು ನೆನಪಾಯಿತು. ಬಾಯಿ ಮುಚ್ಚಿಕೊಂಡು, ಬರೀ ನೀರು ಸುರಿದುಕೊಂಡು ಎದ್ದೆ.