ಗುಂಡಯ್ಯನ ಪಟ್ಟಿ ಮಲ್ಲಿಗಮ್ಮನ ಕೈಯಲ್ಲಿ

ಯಾವ ವಸ್ತುವಾದರೂ ಸರಿ, ಅದರ ಹೊಟ್ಟೆಯೊಳಗೆ ಏನಿದೆ ಎಂದು ತಿಳಿಯುವವರೆಗೆ ಮಲ್ಲಿಗಮ್ಮನಿಗೆ ನಿದ್ದೆ ಬರುತ್ತಿರಲಿಲ್ಲ. ಹೊಸ ಮಿಕ್ಸಿ ಮನೆಗೆ ಬಂದ ದಿನ ಚಟ್ನಿ ರುಬ್ಬುವುದು ಬಿಟ್ಟು, ಅದನ್ನು ಬೋರಲು ಹಾಕಿ ತಳದ ಸ್ಕ್ರೂ ಬಿಚ್ಚಿದ್ದಳು. ಡೇರಿಯ ಹಾಲು ನೋಡುವ ಮಿಷನ್ನಿಗೆ ಒಮ್ಮೆ ಮಜ್ಜಿಗೆ ಕೊಟ್ಟು, “ಇದಕ್ಕೇನಂತದೆ ನೋಡಾನ” ಎಂದು ಸೆಕ್ರೆಟರಿಯಿಂದ ಚೆನ್ನಾಗಿ ಬೈಸಿಕೊಂಡಿದ್ದಳು. ಹೊಳೆನರಸೀಪುರದಿಂದ ಅರಕಲಗೂಡಿಗೆ ಹೋಗುವ ರಸ್ತೆಯಿಂದ ಕೊಂಚ ಒಳಗಿರುವ ಆ ಊರಿನಲ್ಲಿ ಅವಳಿಗೆ ‘ಯಾಕಮ್ಮ’ ಎಂದೇ ಅಡ್ಡಹೆಸರು. ವಯಸ್ಸು ಐವತ್ತು ದಾಟಿತ್ತು, ಬಾಯಲ್ಲಿ ‘ಯಾಕೆ’ ಮಾತ್ರ ಕಡಿಮೆಯಾಗಿರಲಿಲ್ಲ.

ಅಂಥವಳ ಮನೆಗೇ ಆ ಪಟ್ಟಿ ಬಂತು ನೋಡಿ!

ಆ ವರ್ಷ ಆಷಾಢದಲ್ಲಿ ಡೆಂಗಿ ಜ್ವರ ಊರೂರನ್ನೂ ಹಿಡಿದಿತ್ತು. ಹಾಸನದ ಆಸ್ಪತ್ರೆಗಳಲ್ಲಿ ಮಂಚ ಸಿಗುವುದಿರಲಿ, ಚಾಪೆ ಹಾಸಲೂ ಜಾಗವಿರಲಿಲ್ಲ. ಹಾಗಾಗಿ ಸ್ವಲ್ಪ ಗಟ್ಟಿಯಾಗಿರುವ ರೋಗಿಗಳನ್ನು ಮನೆಯಲ್ಲೇ ಮಲಗಿಸಿ, ಮುಂಗೈಗೆ ಒಂದು ಕಪ್ಪು ಪಟ್ಟಿ ಕಟ್ಟುವ ಏರ್ಪಾಟಾಯಿತು. ಮಲ್ಲಿಗಮ್ಮನ ಗಂಡ ಗುಂಡಯ್ಯ ಅಂಥವರಲ್ಲಿ ಒಬ್ಬ. ಪಟ್ಟಿ ಕಟ್ಟಲು ಬಂದವಳು ಊರಿನ ಆಶಾ ಕಾರ್ಯಕರ್ತೆ ನಾಗಲಕ್ಷ್ಮಿ. ಗೋಡೆಯ ಗೂಡಿನಲ್ಲಿ ಒಂದು ಪುಟ್ಟ ಡಬ್ಬಿಯನ್ನೂ ಇಟ್ಟಳು.

“ಪಟ್ಟಿ ಮಾವನ ನಾಡಿ ನೋಡ್ತದೆ, ಮೈ ಬಿಸಿ ನೋಡ್ತದೆ. ಈ ಡಬ್ಬಿ ಅದನ್ನ ಆಸನದ ಆಸ್ಪತ್ರೆಗೆ ಕಳಿಸ್ತದೆ. ಅಲ್ಲಿ ಸಿಸ್ಟರು ಕಂಪ್ಯೂಟ್ರು ಮುಂದೆ ಕುಂತು ನೋಡ್ತಾ ಇರ್ತಾರೆ. ಜ್ವರ ಬುಟ್ಟ ಮ್ಯಾಲೂ ಬಿಚ್ಚಂಗಿಲ್ಲ ಕಣತ್ತೆ. ಈ ಜ್ವರ ಬುಟ್ಟಾಗ್ಲೇ ಅಪಾಯ ಜಾಸ್ತಿ.”

“ಅಲ್ಲಿ ಕುಂತ್ರೆ ಇಲ್ಲೀದು ಕಾಣ್ತದಾ? ನಾನೂ ಕಾಣ್ತೀನಾ?”

“ನೀನ್ಯಾಕತ್ತೆ ಕಾಣ್ತೀಯ, ಪಟ್ಟಿ ಕಟ್ಟಿರೋದು ಮಾವನಿಗೆ.”

“ಓಗ್ ಸುಳ್ಳಿ!” ಎಂದಳು ಮಲ್ಲಿಗಮ್ಮ. ಆದರೆ ನಾಗಲಕ್ಷ್ಮಿ ಅತ್ತ ಹೋದದ್ದೇ ತಡ, ಗಂಡನ ಮುಂಗೈ ಎತ್ತಿ ಪಟ್ಟಿಯ ಅಡಿಗೆ ಕಣ್ಣಿಟ್ಟಳು. ಅಲ್ಲೊಂದು ಹಸಿರು ಬೆಳಕು ಮಿಣಮಿಣ ಅನ್ನುತ್ತಿತ್ತು. ಚರ್ಮದ ಮೇಲಿನ ಬೆಳಕಿಗೆ ಒಳಗಿನ ನೆತ್ತರು ಹೇಗೆ ಕಾಣುತ್ತದೆ? ಗೋಡೆ ಅಡ್ಡ ಬಂದರೆ ಡಬ್ಬಿಗೆ ತಿಳಿಯುತ್ತದಾ? ಜ್ವರದಲ್ಲಿ ನರಳುತ್ತಿದ್ದ ಗುಂಡಯ್ಯ, “ನನ್ನ ಕೈ ನಂಗೆ ಬುಡಮ್ಮಿ” ಎಂದು ಗೊಣಗಿದ.

ಜ್ವರ ಬಿಟ್ಟ ಮರುದಿನವೇ ಗುಂಡಯ್ಯನ ಕಾಲು ಮನೆಯಲ್ಲಿ ನಿಲ್ಲಲಿಲ್ಲ. ಆಲೂಗಡ್ಡೆಗೆ ಅಂಗಮಾರಿ ರೋಗ ಬಿದ್ದಿತ್ತು. ಈಗ ಔಷಧಿ ಹೊಡೆಯದಿದ್ದರೆ ಇಡೀ ಹೊಲ ಕೊಳೆತುಹೋಗುತ್ತದೆ. ಔಷಧಿ ಬಿದ್ದು ಪಟ್ಟಿ ಕೆಟ್ಟರೆ ಆಸ್ಪತ್ರೆಯವರಿಗೆ ಯಾರು ಉತ್ತರ ಹೇಳುತ್ತಾರೆ ಎಂದು ಅದನ್ನು ಬಿಚ್ಚಿ ಮೊಳೆಗೆ ನೇತುಹಾಕಿ ಹೊರಟೇಬಿಟ್ಟ. ಅವನು ಕೇರಿ ದಾಟುವಷ್ಟರಲ್ಲಿ ಫೋನು ಬಂತು.

“ಹಾಸನದಿಂದ ಸಿಸ್ಟರ್ ಶೋಭಿತಾ ಮಾತಾಡ್ತಿರೋದಮ್ಮ. ಗುಂಡಯ್ಯನವರ ಪಟ್ಟಿ ಕೈಯಲ್ಲಿಲ್ಲ ಅಲ್ವಾ? ಬೇಗ ಕಟ್ಟಿಸಿ.”

ಮಲ್ಲಿಗಮ್ಮನ ಮೈ ಜುಮ್ಮೆಂದಿತು. ಕಂಡೇಬಿಟ್ಟಿತಲ್ಲಪ್ಪ! ಗಂಡನನ್ನು ಕೂಗಿದರೆ ಅವನು ಬರುವವನಲ್ಲ. ಪಟ್ಟಿ ಸುಮ್ಮನೆ ನೇತಾಡುತ್ತಿದ್ದರೆ ಆಸ್ಪತ್ರೆಯವರು ಅದನ್ನು ಬೇರೆಯವರಿಗೆ ಕೊಟ್ಟುಬಿಟ್ಟಾರು, ನಾಳೆ ಅವನಿಗೆ ಹೆಚ್ಚುಕಮ್ಮಿಯಾದರೆ ನೋಡುವವರು ಯಾರು? ಭೀಮನ ಅಮಾವಾಸ್ಯೆಗೆ ಗಂಡನ ಆಯುಸ್ಸಿಗೆಂದು ಅರಿಶಿನದ ದಾರ ಕಟ್ಟುವುದು ಹೆಂಡತಿಯ ಕೈಗೆ. ಉಪವಾಸವೂ ಅವಳದ್ದೇ. ದಾರಕ್ಕೆ ನಡೆಯುವುದು ಪಟ್ಟಿಗೆ ಯಾಕೆ ನಡೆಯಬಾರದು? ಮೊಳೆಯಿಂದ ತೆಗೆದು ತನ್ನ ಬಲಗೈಗೆ ಕಟ್ಟಿಕೊಂಡಳು. ಫೋನು ಸುಮ್ಮನಾಯಿತು.

ಸಂಜೆ ಗುಂಡಯ್ಯ ನೋಡಿ ನಕ್ಕ. “ನಿನ್ನ ಕೈಗ್ಯಾಕಮ್ಮಿ?”

“ನೀವು ಔಷ್ದಿ ಒಡೀರಿ. ಇದನ್ನ ನಾನು ನೋಡ್ಕತೀನಿ.”

ಅದೇ ವಾರ ಅಮಾವಾಸ್ಯೆ ಬಂತು. ದೀಪದ ಕಂಬಕ್ಕೆ ಪೂಜೆ ಮಾಡಿ, ಕಡುಬು ಬೇಯಿಸಿ, ಗಂಡನನ್ನು ಮಣೆಯ ಮೇಲೆ ಕೂರಿಸಿ ಪಾದ ತೊಳೆದಳು. ಎರಡೂ ಅಂಗೈಯಲ್ಲಿ ಪಾದ ಹಿಡಿದು ನಮಸ್ಕರಿಸಿದಾಗ ಗುಂಡಯ್ಯ ತಲೆಯ ಮೇಲೆ ಅಕ್ಷತೆ ಹಾಕಿದ. ಬಲಗೈಯಲ್ಲಿ ಕಪ್ಪು ಪಟ್ಟಿ, ಅದರ ಪಕ್ಕಕ್ಕೇ ಹಳದಿ ದಾರ. ಎದ್ದಾಗ ಕಣ್ಣು ಕತ್ತಲಿಟ್ಟಿತು. ಉಪವಾಸಕ್ಕೆ ಹೀಗಾಗಿರಬೇಕು ಅಂದುಕೊಂಡಳು.

ಮಧ್ಯಾಹ್ನ ಮತ್ತೆ ಶೋಭಿತಾಳ ಫೋನು. “ಗುಂಡಯ್ಯನವರಿಗೆ ಮತ್ತೆ ಜ್ವರ ಬಂದಿದೆಯಮ್ಮ. ಮಾತ್ರೆ ಕೊಡಿ, ನೀರು ಜಾಸ್ತಿ ಕುಡಿಸಿ.”

ಮಲ್ಲಿಗಮ್ಮ ತನ್ನ ಕತ್ತು ಮುಟ್ಟಿ ನೋಡಿಕೊಂಡಳು. ಕೆಂಡ! ಜ್ವರ ಯಾರದ್ದೆಂದು ಅವಳಿಗೆ ಆ ಗಳಿಗೆಯಲ್ಲೇ ತಿಳಿಯಿತು. ಹೇಳಿದರೆ ಗಂಡನ ಕಳ್ಳಾಟ ಬಯಲಾಗುತ್ತದೆ, ಪಟ್ಟಿಯೂ ಹೋಗುತ್ತದೆ. “ಆಯ್ತು ಕಣವ್ವ, ಕೊಡ್ತೀನಿ” ಎಂದು ಫೋನಿಟ್ಟು, ಗಂಡನಿಗೆ ಕೊಟ್ಟಿದ್ದ ಮಾತ್ರೆಯನ್ನು ತಾನು ನುಂಗಿದಳು. ಮಾರನೆಯ ದಿನವೂ ಹಾಗೇ ಮಾಡಿದಳು. ಸಿಟ್ಟು ಬರುವುದೇ ಇದಕ್ಕೆ! ಕಂಡಕಂಡದ್ದಕ್ಕೆಲ್ಲ ಯಾಕೆ ಅನ್ನುತ್ತಿದ್ದ ಹೆಂಗಸು, ತನ್ನ ಮೈ ಸುಡುತ್ತಿದ್ದರೂ ಒಂದು ಸಲ ಯಾಕೆ ಅನ್ನಲಿಲ್ಲ. ಆಮೇಲೆ ಜ್ವರ ಬಿಟ್ಟಿತು. ಸದ್ಯ ಪಾರಾದೆ ಎಂದುಕೊಂಡು ಕೊಟ್ಟಿಗೆ ಕಸ ಬಳಿದಳು. ಜ್ವರ ಬಿಟ್ಟಾಗಲೇ ಅಪಾಯ ಎಂದು ನಾಗಲಕ್ಷ್ಮಿ ಹೇಳಿದ್ದು ಗಂಡನ ಜ್ವರಕ್ಕಲ್ಲವೇ, ತನಗೇನು?

ಅವತ್ತು ಮಧ್ಯಾಹ್ನ ಗುಂಡಯ್ಯ ಮುದ್ದೆ ಮುರಿಯುತ್ತಿದ್ದ. ಮಲ್ಲಿಗಮ್ಮ ಕಂಬಕ್ಕೆ ಒರಗಿ ಕೂತಿದ್ದಳು. ಕೈಕಾಲು ತಣ್ಣಗಾಗಿದ್ದವು, ಹೊಟ್ಟೆ ಹಿಂಡುತ್ತಿತ್ತು. ಫೋನು ಬಡಿದುಕೊಂಡಿತು. ಗುಂಡಯ್ಯ ಎಡಗೈಯಲ್ಲಿ ಸ್ಪೀಕರ್ ಒತ್ತಿದ.

“ಅಮ್ಮಾ, ಗುಂಡಯ್ಯನವರ ನಾಡಿ ತುಂಬ ಜೋರಾಗಿ ಓಡ್ತಿದೆ. ತಕ್ಷಣ ಮಲಗಿಸಿ, ಆಂಬ್ಯುಲೆನ್ಸ್ ಕಳಿಸ್ತಿದ್ದೀವಿ!”

“ನಾನೇ ಗುಂಡಯ್ಯ ಕಣವ್ವ. ಉಣ್ತಾ ಇವ್ನಿ, ಚೆಂದಾಗಿವ್ನಿ. ನಿಮ್ಮ ಮಿಷನ್ನು ಕೆಟ್ಟೋಗದೆ ನೋಡಿ.”

ಶೋಭಿತಾ ನಿಧಾನವಾಗಿ ಹೇಳಿದಳು: “ಪಟ್ಟಿ ಇರೋ ಕೈ ಮೇಲೆತ್ತಿ ಅಲ್ಲಾಡಿಸಿ. ಕೈ ಆಡಿದ್ರೆ ನನಗಿಲ್ಲಿ ಗೊತ್ತಾಗುತ್ತೆ.”

ಗುಂಡಯ್ಯ ತಬ್ಬಿಬ್ಬಾಗಿ ಹೆಂಡತಿಯ ಮುಖ ನೋಡಿದ. ಸುಳ್ಳು ಹೇಳಿ ಅಭ್ಯಾಸವಿಲ್ಲದ ಪ್ರಾಣಿ, ಸಾರು ಸುರಿಯುವ ತನ್ನ ಬರಿಗೈಯನ್ನೇ ಎತ್ತಿ ಅಲ್ಲಾಡಿಸಿದ.

“ಇಲ್ಲ, ಏನೂ ಕಾಣ್ತಿಲ್ಲ.”

ಮಲ್ಲಿಗಮ್ಮನ ಕಣ್ಣು ಮಂಜಾಗುತ್ತಿತ್ತು. ಆದರೂ ಬುದ್ಧಿ ಎಲ್ಲಿಗೆ ಹೋಗುತ್ತದೆ ಹೇಳಿ? ಹಾಸನದಲ್ಲಿ ಕೂತ ಹುಡುಗಿಗೆ ಇಲ್ಲಿ ಕೈ ಆಡಿಸಿದ್ದು ನಿಜವಾಗಿ ಕಾಣುತ್ತದಾ? ಆಡಿಸಿದರೆ ಗುಟ್ಟು ರಟ್ಟಾಗುತ್ತದೆ, ಆಡಿಸದಿದ್ದರೆ ಇದು ಯಾವತ್ತಿಗೂ ತಿಳಿಯುವುದಿಲ್ಲ. ತಡೆಯಲಾಗಲಿಲ್ಲ. ಬಲಗೈ ಎತ್ತಿ ಎರಡು ಸಲ ಬೀಸಿದಳು.

“ಹಾಂ, ಈಗ ಕಾಣಿಸ್ತು!” ಶೋಭಿತಾ ಕೂಗಿದಳು. “ಅಲ್ಲಾಡಿಸಿದ್ದು ಯಾರು? ಯಾರ ಕೈ ಅದು?”

“ಕಾಣ್ತದಲ್ಲವ್ವ!” ಎಂದು ಮಲ್ಲಿಗಮ್ಮ ಸಂತೋಷದಿಂದ ಹೇಳಿದಳು. ಹೇಳುತ್ತಲೇ ಪಕ್ಕಕ್ಕೆ ವಾಲಿದಳು.

ಹಾಸನದಲ್ಲಿ ಅವಳಿಗೆ ಮಂಚ ಸಿಕ್ಕಿತು, ಗ್ಲೂಕೋಸ್ ಬಾಟಲಿ ಹಾಕಿದರು. ಒಂದು ರಾತ್ರಿ ಕಳೆದು ಬಂದಿದ್ದರೆ ಕೈಮೀರುತ್ತಿತ್ತು ಎಂದರು ಡಾಕ್ಟರು. ಗುಂಡಯ್ಯ ಆಲೂಗಡ್ಡೆ ಹೊಲದ ಕಡೆ ತಲೆ ಹಾಕದೆ ಮಂಚದ ಪಕ್ಕದಲ್ಲೇ ಕೂತ. ಎದ್ದು ಕೂರುವಂತಾದ ಮೇಲೆ ಮಲ್ಲಿಗಮ್ಮ ಕೇಳಿದ್ದು ಒಂದೇ: “ನನ್ನ ಕೈ ಎಲ್ಲಿ ಕಾಣ್ತು, ಆ ಜಾಗ ತೋರ್ಸಿ.”

ಶೋಭಿತಾ ಎಂದರೆ ಅವಳೆಣಿಸಿದಂತೆ ಎತ್ತರದ ಜೋರು ಹೆಂಗಸಲ್ಲ, ಕನ್ನಡಕದ ಸಣಕಲು ಹುಡುಗಿ. ಬೈಯಬೇಕೆಂದು ಕಾದಿದ್ದವಳು, “ಅಜ್ಜಿ ಅಲ್ಲ ಕಣ್ರೀ ನೀವು, ಕಳ್ಳಿ!” ಎಂದು ನಕ್ಕು ಪರದೆಯ ಮುಂದೆ ಕೂರಿಸಿದಳು. ‘ಗುಂಡಯ್ಯ’ ಎಂದು ಬರೆದಿದ್ದ ಕಡೆ ಒಂದು ಗೆರೆ ಏರಿಳಿಯುತ್ತ ಹೋಗಿತ್ತು. ಮಲ್ಲಿಗಮ್ಮ ಅದರ ಮೇಲೆ ಬೆರಳಾಡಿಸಿದಳು. ಇದ್ಯಾಕೆ ಎದ್ದಿದೆ, ಇದ್ಯಾಕೆ ಬಿದ್ದಿದೆ, ಕೇಳಿದ್ದೇ ಕೇಳಿದ್ದು.

“ಈ ಏರು ಯಾವತ್ತಿಂದವ್ವ?”

“ನಿಮ್ಮ ಜ್ವರ ಶುರುವಾಗಿದ್ದು ಅಲ್ಲಿ. ಅಮಾವಾಸ್ಯೆ ಬೆಳಿಗ್ಗೆ.”

ಹಿಂದೆ ನಿಂತಿದ್ದ ಗುಂಡಯ್ಯ ಆ ಗೆರೆಯನ್ನೇ ನೋಡುತ್ತಿದ್ದ.

“ಪಾದ ಮುಟ್ದಾಗ ನಿನ್ನ ಕೈ ಸುಡ್ತಾ ಇತ್ತು ಕಣಮ್ಮಿ,” ಎಂದ. “ಒಲೆ ಮುಂದ್ಲಿಂದ ಎದ್ದು ಬಂದವ್ಳೆ ಅಂದ್ಕಂಡೆ. ಯಾಕೆ ಅಂತ ಒಂದು ಮಾತು ಕೇಳ್ನಿಲ್ಲ.”

ಅಷ್ಟು ಜನರ ಎದುರಿಗೇ ಅವಳ ಹಣೆಯ ಮೇಲೆ ಕೈಯಿಟ್ಟ. ತಣ್ಣಗಿತ್ತು. ಆದರೂ ಕೈ ತೆಗೆಯಲಿಲ್ಲ. ಮಲ್ಲಿಗಮ್ಮನೂ ಯಾಕೆಂದು ಕೇಳಲಿಲ್ಲ.